ಟ್ಯಾಂಕರ್ ಎಷ್ಟು ಗಂಟೆಗೆ

ಬರದ ಆ ವರ್ಷಗಳಲ್ಲಿ ಔರಾದ ತಾಲೂಕಿನ ನಮ್ಮೂರ ಸಮುದಾಯ ರೇಡಿಯೊದಲ್ಲಿ ನಾನು ಬೆಳಗಿನ ಉದ್ಘೋಷಕಿ. ಬೀದರಿನಲ್ಲಿ ಬಿ.ಎ. ಮುಗಿಸಿದ್ದೆ. ಅರ್ಧ ಊರು ಮನೆಗೆ ಬೀಗ ಹಾಕಿ ಹೈದರಾಬಾದಿಗೆ ಇಟ್ಟಿಗೆ ಹೊರಲು ಹೋಗಿತ್ತು. ಉಳಿದವರು ನಮ್ಮ ಕೇಳುಗರು. ಕಾರ್ಯಕ್ರಮದಲ್ಲಿ ನನ್ನ ಜೊತೆ ಕೂತು ಬೀಸುವ ಪದ ಹಾಡುತ್ತಿದ್ದವಳನ್ನು ಊರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು.

ಟ್ಯಾಂಕರ್ ನೀರನ್ನು ಒಣಗಿದ ಬಾವಿಗೆ ಬಿಡುತ್ತಿದ್ದರು. ಜನ ಹಗ್ಗದಿಂದ ಸೇದಿಕೊಳ್ಳುತ್ತಿದ್ದರು. ಬರುವ ಹೊತ್ತು ಬಾಯಿಂದ ಬಾಯಿಗೆ ತಿಳಿಯುತ್ತಿತ್ತು. ಅದನ್ನು ರೇಡಿಯೊದಲ್ಲಿ ಹೇಳಬೇಕೆಂದು ನನಗೆ ಹೊಳೆಯಿತು.

"ಟೈಮ್ ಹೇಳಬ್ಯಾಡ ಯವ್ವಾ," ಅಂದಳು ಕಾಕು. "ನೀರು ಒಂದೂರಿಗಿ ಬರ್ತದ, ರೇಡಿಯೊ ಹತ್ತೂರಿಗಿ ಹೋಗ್ತದ."

"ಮಾಹಿತಿ ಜನರ ಹಕ್ಕು, ಕಾಕು."

"ಹಕ್ಕು ಕುಡಿಲಾಕ ಬರ್ತದೇನು?"

ನಾಳೆ ಬೆಳಿಗ್ಗೆ ಎಂಟಕ್ಕೆ ಎಂದು ಮೂರು ಸಲ ಓದಿದೆ. ಉಚ್ಚಾರ ಸ್ಪಷ್ಟವಾಗಿತ್ತು.

ಎಂಟಕ್ಕೆ ಪಕ್ಕದ ಊರುಗಳಿಂದಲೂ ಜನ ಬಂದರು: ಎಕಂಬಾದಿಂದ ಬಂಡಿಗಳು, ಚಿಂತಾಕಿಯಿಂದ ಆಟೊಗಳು. ನನಗೆ ಖುಷಿಯೇ ಆಯಿತು. ಜನರ ಮಾತು ಹಿಡಿಯಲು ರೆಕಾರ್ಡರ್ ಹಿಡಿದು ನಿಂತೆ. ಬಾವಿಗೆ ಒಂದು ಕಡೆ ಕಟ್ಟೆಯಿರಲಿಲ್ಲ. ಚಾಲಕ ಪೈಪು ಇಳಿಬಿಟ್ಟಾಗ ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು. ಕಾಕು ಅಂಚಿನಲ್ಲಿದ್ದಳು. ಮೊದಲು ಅವಳ ಕೊಡ ಹೋಯಿತು, ಆಮೇಲೆ ಅವಳು.

ಯಾರದೋ ಹಗ್ಗ ಕೈಗೆ ಸಿಕ್ಕು ನಡುವೆ ಜೋತಾಡಿದಳು. ಕೆಳಗೆ ಕಲ್ಲು, ಅದರ ಮೇಲೆ ಗೇಣು ನೀರು. ಮೇಲೆ ನೋಡಿ ನನಗೇ ಕೂಗಿದಳು: "ಅದನ್ನ ಕೆಳಗಿಟ್ಟು ಹಗ್ಗ ಹಿಡೀ!"

ನಾನು ಇಡಲಿಲ್ಲ. ಬೆರಳು ಬಿಚ್ಚಲಿಲ್ಲ. ಚಿಂತಾಕಿಯ ಮೂವರು ಹೆಂಗಸರು ಕೈಯಲ್ಲಿದ್ದ ಕೊಡಗಳನ್ನು ಬಾವಿಗೇ ಬಿಟ್ಟು ಹಗ್ಗ ಹಿಡಿದು ಎಳೆದರು.

ಮೇಲೆ ಬಂದ ಕಾಕು ಸೆರಗು ಕೊಡವಿಕೊಂಡಳು. "ಸತ್ತಿದ್ರ ಅದನ್ನೂ ನೀನೇ ಓದ್ತಿದ್ದಿ. ಮೂರ್ ಸಲ."

ರೆಕಾರ್ಡರಿನಲ್ಲಿ ಕೊಡಗಳು ಬಿದ್ದ ಸದ್ದಿತ್ತು, ಅವಳ ಕೂಗಿತ್ತು. ನನ್ನ ದನಿ ಎಲ್ಲೂ ಇರಲಿಲ್ಲ. ಅಳಿಸಿಹಾಕಿದೆ. ಉಪಯೋಗವಾಗಲಿಲ್ಲ, ಈಗಲೂ ಕೇಳಿಸುತ್ತದೆ.

ಮರುದಿನ ಸ್ಟುಡಿಯೊದ ಕೆಂಪು ದೀಪ ಹತ್ತಿದರೂ ನನ್ನ ಬಾಯಿ ತೆರೆಯಲಿಲ್ಲ. ಕಾಕು ಮೈಕು ತನ್ನ ಕಡೆ ಎಳೆದುಕೊಂಡಳು. "ನಮಸ್ಕಾರ್ರಿ. ನಿನ್ನಿ ನನಗ ಎಳದ ಚಿಂತಾಕಿ ಅಕ್ಕಂದಿರ ಮೂರು ಕೊಡ ಬಾವ್ಯಾಗಿಂದ ತೆಗದೀವಿ. ತುಂಬಿಸೇ ಕೊಡ್ತೀವಿ, ಬರ್ರಿ."

ಮೂವರೂ ಬಂದರು. ಓಣಿಯವರು ಒಂದೊಂದು ತಂಬಿಗೆ ಸುರಿದರು. ಒಬ್ಬಳ ಅಂಗೈಗೆ ಬಟ್ಟೆ ಸುತ್ತಿತ್ತು. ಅವಳ ಕೊಡವನ್ನು ನಾನೇ ಎತ್ತಿಕೊಂಡು ಆಟೊದ ಕಡೆ ಹೊರಟೆ. ಬೇಗ ಬೇಗ ಹೆಜ್ಜೆ ಹಾಕಿದೆ.

"ಹಗುರ್ಕ ನಡೀರಿ," ಅಂದಳು ಅವಳು. "ನೀರು ಚೆಲ್ಲಾಕತ್ತದ."