ಕಿಟ್ಟದ ದಿಬ್ಬಕ್ಕೆ ಬಂದ ರಕ್ಷಣೆ

ನಿವೃತ್ತಿಗೆ ನಾಲ್ಕು ವರ್ಷ ಬಾಕಿ ಇದ್ದಾಗ ನನ್ನನ್ನು ಬೀದರಿಗೆ ವರ್ಗ ಮಾಡಿದರು. ಸಹಾಯಕ ಪುರಾತತ್ವಜ್ಞನ ಹುದ್ದೆ. ಪ್ರಾಚೀನ ಗಣಿ ಮತ್ತು ಲೋಹಗಾರಿಕೆಯ ನೆಲೆಗಳನ್ನು ಹುಡುಕಿ ದಾಖಲಿಸುವುದು ಕೆಲಸ. ನೌಬಾದದಲ್ಲಿ ಬಾಡಿಗೆ ಮನೆ ಹಿಡಿದು, ಭಾಲ್ಕಿ, ಔರಾದ ಬಸ್ಸುಗಳಲ್ಲಿ ಓಡಾಡಿದೆ. ಜೀಪು ಇತ್ತು, ಅದು ಕೋಟೆ ನೋಡಲು ಬರುವ ದೊಡ್ಡವರಿಗೆ ಮೀಸಲು.

ಔರಾದ ತಾಲ್ಲೂಕಿನ ಒಂದು ಹಳ್ಳಿಯ ಹೊರಗೆ, ಕೆಂಪು ಕಲ್ಲಿನ ಗುಡ್ಡದ ಬುಡದಲ್ಲಿ, ಕಿಟ್ಟದ ದಿಬ್ಬವೊಂದು ಸಿಕ್ಕಿತು. ಅದಿರು ಕಾಸಿ ಕಬ್ಬಿಣ ತೆಗೆದ ಮೇಲೆ ಉಳಿಯುವ ಕಪ್ಪು ಕಸವೇ ಕಿಟ್ಟ. ನಮ್ಮ ಇಲಾಖೆಯ ಭಾಷೆಯಲ್ಲಿ ಸ್ಲ್ಯಾಗ್. ಸುತ್ತಲೂ ಎರೆಭೂಮಿ. ಮಳೆಗಾಲದಲ್ಲಿ ಆ ಕೆಸರಿನಲ್ಲೇ ನಿಂತರೆ ಕುರಿಯ ಗೊರಸು ಕೊಳೆಯುತ್ತದೆ. ಕಿಟ್ಟದ ಮೇಲೆ ನೀರು ನಿಲ್ಲದು. ಹಾಗಾಗಿ ಕುರಿಗಾಹಿ ತೇಜಮ್ಮನ ಮನೆಯವರು ಅಜ್ಜನ ಕಾಲದಿಂದಲೂ ಮಳೆಗಾಲದಲ್ಲಿ ಹಿಂಡು ಕಟ್ಟಿಕೊಂಡು ಅಲ್ಲೇ ಇರುತ್ತಿದ್ದರು. ಉಳಿದ ದಿನಗಳಲ್ಲೂ ಅವರ ನಾಯಿಗಳು ದಿಬ್ಬ ಬಿಟ್ಟು ಕದಲುತ್ತಿರಲಿಲ್ಲ. ರಸ್ತೆಗೆ ಮಣ್ಣು ಸಾಗಿಸುವವರು ಎರಡು ಸಲ ಬಂದು ಆ ನಾಯಿಗಳಿಗೆ ಹೆದರಿ ವಾಪಸಾಗಿದ್ದರಂತೆ.

"ಈ ದಿಬ್ಬ ಹೋದ್ರ ನಮ್ಮ ಕುರಿ ಎಲ್ಲಿ ನಿಂದ್ರಬೇಕ್ರಿ ಸಾಹೇಬ್ರ? ಬೇಕಾದಷ್ಟು ಅಗೀರಿ. ಆದ್ರ ಇದನ್ನ ಉಳಿಸಿಕೊಡ್ರಿ," ಎಂದಳು ತೇಜಮ್ಮ.

ಉಳಿಸುತ್ತೇವೆ ಎಂದು ಮಾತು ಕೊಟ್ಟೆ. ದಿಬ್ಬದ ಒಂದು ಮಗ್ಗುಲಲ್ಲಿ ಟ್ರೆಂಚ್ ಹಾಕಿದೆವು. ಸುಟ್ಟ ಜೇಡಿಮಣ್ಣಿನ ಕುಲುಮೆ ಗೋಡೆ ಹೊರಬಂತು. ಪಕ್ಕದಲ್ಲೇ ತಿದಿಯ ಗಾಳಿಯನ್ನು ಬೆಂಕಿಗೆ ಊದುವ ಮಣ್ಣಿನ ಕೊಳವೆ. ಅದನ್ನು ಹಿಡಿದಾಗ ನನಗಾದ ಖುಷಿ ಮಗಳ ಮದುವೆಯಲ್ಲೂ ಆಗಿರಲಿಲ್ಲ. ತಳದ ಇದ್ದಿಲು ಪ್ರಾಚೀನವೆಂದು ಪ್ರಯೋಗಾಲಯವೂ ಹೇಳಿತು.

ದಿಬ್ಬವನ್ನು ಸಂರಕ್ಷಿತ ನೆಲೆಯಾಗಿಸಬೇಕು, ಅಗೆಯದ ಮಗ್ಗುಲಲ್ಲಿ ಮಳೆಗಾಲಕ್ಕೆ ಕುರಿಗಳನ್ನು ಬಿಡಬೇಕು ಎಂದು ವರದಿಯಲ್ಲಿ ಬರೆದೆ. ಮೇಲಧಿಕಾರಿ ಎರಡನೆಯದನ್ನು ಹೊಡೆದುಹಾಕಿದರು. "ಸ್ಮಾರಕದ ಮೇಲೆ ಕುರಿ ಹಿಕ್ಕೆ ಏನ್ರೀ? ನೋಡಿದವರು ನಗ್ತಾರೆ." ಅಲ್ಲಿ ಇರುವವರೇ ಅದರ ಕಾವಲು ಎಂದು ವಾದಿಸಿದೆ. ಕಾವಲುಗಾರನನ್ನು ಕೊಡುತ್ತೇವೆ ಎಂದರು.

ತಂತಿಬೇಲಿ ಬಂತು. ನೀಲಿ ಬೋರ್ಡು ಬಂತು. ಕಾವಲುಗಾರ ಬರಲಿಲ್ಲ. ಆ ಮಳೆಗಾಲ ತೇಜಮ್ಮನ ಹಿಂಡೂ ನಾಯಿಗಳೂ ರಸ್ತೆಬದಿಯ ಕೆಸರಿನಲ್ಲಿ ನಿಂತವು. ಕುಂಟತೊಡಗಿದ ಕುರಿಗಳನ್ನು ಅವಳು ಭಾಲ್ಕಿ ಸಂತೆಯಲ್ಲಿ ಬಂದಷ್ಟಕ್ಕೆ ಮಾರಿದಳು.

ಬೇಸಿಗೆಯಲ್ಲಿ ಹೋದಾಗ ದಿಬ್ಬವೇ ಇರಲಿಲ್ಲ. ಬೇಲಿಯ ಹಿಂಬದಿಯನ್ನು ಕತ್ತರಿಸಿದ್ದರು; ಒಳಗೆಲ್ಲ ಟ್ರ್ಯಾಕ್ಟರ್ ಗಾಲಿಯ ಗುರುತು. ಕುಲುಮೆ, ಕಿಟ್ಟ ಎಲ್ಲವೂ ಯಾವುದೋ ರಸ್ತೆಯ ಅಡಿಗೆ ಸೇರಿಹೋಗಿದ್ದವು. ಕಚೇರಿಗೆ ಫೋನ್ ಮಾಡಿದರೆ, ಅಪರಿಚಿತರ ಮೇಲೆ ದೂರು ಕೊಟ್ಟು ಬನ್ನಿ ಎಂದರು.

ತೇಜಮ್ಮ ಬೇಲಿಯ ಹೊರಗೆ ನಿಂತಿದ್ದಳು. ಕರೆದರೂ ಒಳಗೆ ಬರಲಿಲ್ಲ.

"ಒಳಗ ಕಾಲಿಟ್ರ ಜೇಲ್ ಅಂತ ಬೋರ್ಡಿನ್ಯಾಗ ಬರ್ದಾರಂತಲ್ರಿ. ನನಗ ಓದ್ಲಾಕ ಬರಲ್ಲ, ಆದ್ರೂ ಕೇಳಿ ತಿಳ್ಕೊಂಡು ಹೊರಗ ಉಳಿದೆ. ಟ್ರ್ಯಾಕ್ಟರ್‌ದೋರಿಗಿ ಓದ್ಲಾಕ ಬರಲ್ಲೇನ್ರಿ?"

ಈಗ ತರಬೇತಿಗೆ ಬರುವವರಿಗೆ ನಾನು ಹೇಳುವುದು ಇಷ್ಟೇ: ನೆಲೆ ಸಿಕ್ಕಿದಾಗ ಅಲ್ಲಿ ಯಾರು ಬೀಡುಬಿಡುತ್ತಾರೆ ಎಂದು ಮೊದಲು ಕೇಳಿ, ಅವರನ್ನು ಎಬ್ಬಿಸಬೇಡಿ.

ಕಳೆದ ವರ್ಷ ಆ ದಾರಿಯಲ್ಲಿ ಹೋಗಿದ್ದೆ. ನೀಲಿ ಬೋರ್ಡು ಹಾಗೇ ಇದೆ. ಅದನ್ನು ಯಾರೂ ಕದ್ದಿಲ್ಲ.