ಅರ್ಧ ಉಳಿದ ಬೂದಿಗುಡ್ಡ

ರಾಯಚೂರಿನಲ್ಲಿ ರೈಲು ಇಳಿದಾಗ ಬೆಳಗಿನ ಒಂಬತ್ತೂವರೆ. ಮೇ ತಿಂಗಳು, ಪ್ಲಾಟ್‌ಫಾರ್ಮಿನ ಕಬ್ಬಿಣದ ಬೆಂಚು ಆಗಲೇ ಕೂರಗೊಡುತ್ತಿರಲಿಲ್ಲ. ಕಲಬುರಗಿಯಲ್ಲಿ ನಿವೃತ್ತನಾಗಿ ಹಾಯಾಗಿದ್ದ ನನ್ನನ್ನು ಈ ಬಿಸಿಲಿಗೆ ಎಳೆದು ತಂದವಳು ಮಲ್ಲಮ್ಮ. ನಾನು ಈ ಜಿಲ್ಲೆಯಲ್ಲಿ ಮೂವತ್ತು ವರ್ಷ ಸರ್ವೆಯರ್ ಆಗಿ ಹೊಲ ಅಳೆದವನು. ಚೀಕಲಪರ್ವಿಯ ಅವಳಪ್ಪ ನನ್ನ ಅಳತೆ ಸರಪಳಿಯ ಇನ್ನೊಂದು ತುದಿ ಹಿಡಿದು ಮುಳ್ಳು ತುಳಿದ ಕೂಲಿಯಾಳು. ಮಗಳು ಈಗ ರಾಯಚೂರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ರಜೆ ಬಂತೆಂದರೆ ಉಪಗ್ರಹ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹರಡಿಕೊಂಡು ಹಳೆಯ ಬೂದಿಗುಡ್ಡಗಳನ್ನು ಹುಡುಕುತ್ತಾಳೆ.

ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಿನ್ನುತ್ತ ಅವಳು ನನಗೆ ಪಾಠ ಮಾಡಿದಳು.

“ಕಾಕಾ, ಸಾವಿರಾರು ವರ್ಷದ ಹಿಂದ ಇಲ್ಲಿ ದನ ಕಾಯೋ ಮಂದಿ ಇದ್ರು. ದೊಡ್ಡ್ಯಾಗಿನ ಸೆಗಣಿ ಒಂದ ಕಡಿ ಒಟ್ಟಿ ಸುಡತಿದ್ರು. ಸುಟ್ಟು ಸುಟ್ಟು ಅದ ಗುಡ್ಡ ಆಗೇದ. ಮ್ಯಾಲಿಂದ ನೋಡಿದ್ರ ಬಿಳಿ ಬೊಟ್ಟಿನಂಗ ಕಾಣತದ.”

“ಮೂವತ್ತು ವರ್ಷ ಕಾಲು ಸವೆಸಿದ ನನಗ ಕಾಣಲಿಲ್ಲ, ಫ್ಯಾನಿನ ಕೆಳಗ ಕುಂತ ನಿನಗ ಕಂಡ್ತೇನು?” ಎಂದು ಕೆಣಕಿದೆ.

ಅವಳು ನಗಲಿಲ್ಲ. ಫೋನಿನಲ್ಲಿ ಎರಡು ಚಿತ್ರ ತೋರಿಸಿದಳು. ದೇವದುರ್ಗದ ಹತ್ತಿರದ ಒಂದೇ ಹೊಲ. ಮೂರು ವರ್ಷದ ಹಿಂದಿನ ಚಿತ್ರದಲ್ಲಿ ದುಂಡನೆಯ ಬಿಳಿ ಬೊಟ್ಟು, ಹೋದ ವರ್ಷದ್ದರಲ್ಲಿ ಅರ್ಧ ಮಾತ್ರ. “ಭತ್ತದ ಗದ್ದಿ ಮಾಡಾಕ ಅರ್ಧ ತಗದಾರ. ಉಳಿದದ್ದು ಹೋಗೋದ್ರಾಗ ಹೊಲದವರನ್ನ ಕಾಣಬೇಕು. ಅವರು ಊರಿಗಿ ಬರೋದು ನಾಳಿಗಿ. ಇವತ್ತು ಮಾನ್ವ್ಯಾಗ ಇನ್ನೊಂದು ಬೊಟ್ಟು ಅದ, ನೋಡ್ಕೊಂಡು ಹೋಗೋಣ.”

ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗಿಟ್ಟೆ. ಇಂಥ ದಿಬ್ಬಗಳನ್ನು ನಾನು ಕಾಣದೆ ಇರಲಿಲ್ಲ. ಅಳೆದು, ನಕ್ಷೆಯಲ್ಲಿ ‘ಖರಾಬು’ ಎಂದು ಬರೆದು ಮುಂದೆ ನಡೆದಿದ್ದೆ. ಉಳುಮೆಗೆ ಬಾರದ ನೆಲಕ್ಕೆಲ್ಲ ನಮ್ಮ ಇಲಾಖೆಯಲ್ಲಿ ಅದೊಂದೇ ಹೆಸರು.

ಮಾನ್ವಿ ನಲವತ್ತೈದು ಕಿಲೋಮೀಟರು. ಸರ್ಕಾರಿ ಬಸ್ಸಿನಲ್ಲಿ ಮಲ್ಲಮ್ಮನಿಗೆ ಹೆಂಗಸರ ಉಚಿತ ಟಿಕೆಟ್. ಹಿರಿಯ ನಾಗರಿಕನ ಗುರುತಿನ ಚೀಟಿ ಮರೆತು ಬಂದ ನನಗೆ ಪೂರ್ತಿ ದುಡ್ಡು. ಕಿಟಕಿಯಿಂದ ಬರುತ್ತಿದ್ದುದು ಗಾಳಿಯಲ್ಲ, ಒಲೆಯ ಬಿಸಿ. ಮಾನ್ವಿಯಲ್ಲಿ ಇಳಿದು ಆಟೋ ಹಿಡಿದು, ಫೋನು ತೋರಿಸಿದ ದಾರಿಯಲ್ಲಿ ಹೋದರೆ, ದಾರಿ ಮುಗಿದದ್ದು ಅಕ್ಕಿ ಗಿರಣಿಯೊಂದರ ಹಿಂದೆ. ಅಲ್ಲಿ ಬೂದಿಯ ಗುಡ್ಡವೇನೋ ಇತ್ತು, ದುಂಡಗೇ ಇತ್ತು. ಕಾವಲುಗಾರ ಮುದುಕ ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

“ಇದಾ? ಭತ್ತದ ಹೊಟ್ಟಿನ ಬೂದಿರೀ. ಹೋದ ವರ್ಷದ್ದು ಅಡಿಗದ, ಈ ವರ್ಷದ್ದು ಮ್ಯಾಲದ. ಬೇಕಾಗಿತ್ತೇನು?”

ನಾನು ನಕ್ಕು ಸುಸ್ತಾದೆ. ಮಲ್ಲಮ್ಮನೂ ನಕ್ಕಳು, ಆದರೆ ನಗುತ್ತಲೇ ಆ ಗುಡ್ಡವನ್ನು ನಾಲ್ಕೂ ಕಡೆಯಿಂದ ಫೋಟೊ ತೆಗೆದಳು, ಹೆಜ್ಜೆ ಹಾಕಿ ಅಳತೆ ಬರೆದುಕೊಂಡಳು. “ತಪ್ಪಿದ್ದು ಹೆಂಗ ಕಾಣತದ ಅಂತ ಗೊತ್ತಿದ್ರ ಮುಂದಿನ ಸಲ ತಪ್ಪಂಗಿಲ್ಲ ಕಾಕಾ” ಎಂದಳು. ನಮ್ಮ ಕಚೇರಿಯಲ್ಲಿ ತಪ್ಪನ್ನು ಮೊದಲು ರಬ್ಬರಿನಿಂದ ಒರೆಸುತ್ತಿದ್ದೆವು. ಈ ಹುಡುಗಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಗಿರಣಿಯ ಹಿಂದೆ. ಅಂದು ರಾತ್ರಿ ಮಾನ್ವಿಯಲ್ಲೇ ಅವಳ ಅಕ್ಕನ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಮಲಗಿದೆವು.

ಮರುದಿನ ಮಲ್ಲಟದ ಕಡೆಯಿಂದ ಹಾಯ್ದು ದೇವದುರ್ಗಕ್ಕೆ ಹೋದೆವು. ನಾನು ಅಳೆಯುತ್ತಿದ್ದಾಗ ಜೋಳ, ಹತ್ತಿ ಇದ್ದ ನೆಲವೆಲ್ಲ ಈಗ ಮಟ್ಟಸವಾದ ಗದ್ದೆ. ಕಾಲುವೆ ನೀರು ಜನರ ಹೊಟ್ಟೆ ತುಂಬಿಸಿದೆ, ಅದನ್ನು ಹಳಿಯುವುದು ನನ್ನಿಂದಾಗದು. ದೇವದುರ್ಗದಿಂದ ಆಟೋ, ಆಮೇಲೆ ಒಂದು ಮೈಲಿ ಬದುವಿನ ಮೇಲೆ ನಡಿಗೆ.

ಹೊಲದೊಡತಿ ಹನುಮವ್ವ ಬೇವಿನ ಮರದ ಕೆಳಗೆ ಕಾದಿದ್ದಳು. ಅರವತ್ತು ದಾಟಿದ ವಿಧವೆ, ಗಟ್ಟಿ ದನಿ. “ಬರ್ರಿ, ಮದಲ ನೀರು ಕುಡೀರಿ” ಎಂದು ಚೆಂಬು ಕೊಟ್ಟಳು. ಗುಡ್ಡದ ಅರ್ಧ ಅವಳ ಮೈದುನನ ಪಾಲಿಗೆ ಬಂದಿತ್ತು. ಮಟ್ಟ ಮಾಡಿದವನು ಅವನೇ. ಇವಳ ಅರ್ಧಕ್ಕೆ ನಾಳೆ ಬೆಳಿಗ್ಗೆ ಜೆಸಿಬಿ ಬರುವುದಿತ್ತು.

“ಬೂದಿ ಇಟಗೊಂಡು ಏನ್ ಮಾಡ್ಲಿ ಯವ್ವಾ? ರಾಕ್ಷಸನ್ನ ಸುಟ್ಟ ಬೂದಿ ಅಂತಾರ. ಮೈದುನ ಅದ ಜಾಗದಾಗ ನೆಲ್ಲು ಬೆಳ್ಯಾಕತ್ಯಾನ. ನನಗೂ ನಾಕು ಚೀಲ ಬಂದ್ರ ಬ್ಯಾಡೇನು?”

ಮಲ್ಲಮ್ಮ ಫೋನಿನ ಚಿತ್ರ ತೋರಿಸಿದಳು. ಹನುಮವ್ವ ಕಣ್ಣು ಕಿರಿದು ಮಾಡಿ ನೋಡಿ, “ಅರ್ಧ ತಿಂದಿಟ್ಟ ರೊಟ್ಟಿ ಕಂಡಂಗ ಕಾಣತದ” ಎಂದು ವಾಪಸು ಕೊಟ್ಟಳು. ಪರಿಹಾರ ಸಿಗುತ್ತದೆಯೇ ಎಂದು ನೇರವಾಗಿ ಕೇಳಿದಳು. ಒಂದು ಸಣ್ಣ ಸುಳ್ಳು ಹೇಳಿದರೆ ಕೆಲಸ ಆಗಿಬಿಡುತ್ತಿತ್ತು. ಮಲ್ಲಮ್ಮ ಹೇಳಿಬಿಡಲಿ ಎಂದು ನಾನೇ ಒಳಗೊಳಗೆ ಬಯಸಿದೆ.

“ಬರತದ ಅಂತ ಹೇಳಾಕ ನನ್ನ ಕೈಲೆ ಆಗಂಗಿಲ್ಲ ಯವ್ವಾ. ಅರ್ಜಿ ಬರಿತೀನಿ, ಪುರಾತತ್ವ ಇಲಾಖೆದವ್ರನ್ನ ಕರ್ಕೊಂಡು ಬರತೀನಿ. ಅಲ್ಲೀತನಕ ನಿಂದರಸ್ರಿ.”

“ಅಲ್ಲೀತನಕ ಕಾಲುವಿ ನೀರು ಬಂದುಬಿಡತದ, ನಾಟಿಗಿ ಗದ್ದಿ ಬೇಕಲ್ಲ” ಎಂದಳು ಹನುಮವ್ವ.

ಕಡೆಯದಾಗಿ ಒಮ್ಮೆ ನೋಡೋಣವೆಂದು ಮೂವರೂ ಗುಡ್ಡಕ್ಕೆ ಹೋದೆವು. ಮೈದುನನ ಯಂತ್ರ ಕೊರೆದ ಕಡೆ ಗೋಡೆಯಂತೆ ನಿಂತ ಮಣ್ಣು. ಬಿಳಿ, ಬೂದು, ಕಂದು ಪದರಗಳು ಒಂದರ ಮೇಲೊಂದು. ಬುಡದಲ್ಲಿ ಗಟ್ಟಿಯಾದ ಒಂದು ಹಾಸು ತೆರೆದುಕೊಂಡಿತ್ತು, ಅದರ ತುಂಬ ಕುಳಿಗಳು. “ಜೆಸಿಬಿ ಹಲ್ಲಿನ ಗುರುತು” ಎಂದೆ ನಾನು. ಹನುಮವ್ವ ಕುಕ್ಕರಗಾಲಲ್ಲಿ ಕೂತು ಒಂದು ಕುಳಿಯಲ್ಲಿ ಎರಡು ಬೆರಳಿಟ್ಟಳು. ಬೆರಳು ಅಲ್ಲೇ ನಿಂತವು.

“ಜೆಸಿಬಿ ಅಲ್ಲರೀ. ಗೊರಸು ಇದು.”

ಬಗ್ಗಿ ನೋಡಿದೆವು. ಎರಡು ಹೋಳಾದ ಗೊರಸು, ಸ್ಪಷ್ಟವಾಗಿತ್ತು. ಮೇಲಿನ ಬೂದಿ ಅದನ್ನು ಸಾವಿರಾರು ವರ್ಷ ಮುಚ್ಚಿ ಕಾದಿತ್ತು ಎಂದಳು ಮಲ್ಲಮ್ಮ. ಹನುಮವ್ವ ಅವಳ ಮಾತು ಕೇಳುತ್ತಿರಲಿಲ್ಲ. ಕೂತಲ್ಲೇ ಸರಿಯುತ್ತ ಕುಳಿಯಿಂದ ಕುಳಿಗೆ ಕೈಯಾಡಿಸುತ್ತಿದ್ದಳು.

“ಇದು ಆಕಳದ್ದು. ಮಗ್ಗಲಾಗ ಸಣ್ಣವು ಅದಾವಲ್ಲ, ಇವು ಕರದ್ದು. ಆಕಳ ಮಾರಿ ಆ ಕಡಿ, ಕರದ ಮಾರಿ ಈ ಕಡಿ. ಮಲಿ ಕುಡಿಯೋ ಕರ ಹಿಂಗ ನಿಲ್ಲತದ.”

ಆಕಾಶದಿಂದ ಮಲ್ಲಮ್ಮ ಗುಡ್ಡವನ್ನು ಕಂಡಿದ್ದಳು, ಈ ಮುದುಕಿ ಎರಡು ಬೆರಳಲ್ಲಿ ಒಂದು ಕರುವಿನ ಹಸಿವನ್ನು ಕಂಡಳು. ಇಬ್ಬರ ಮುಂದೆಯೂ ನನ್ನ ಮೂವತ್ತು ವರ್ಷದ ಸರಪಳಿ ಸಣ್ಣದಾಯಿತು, ಅದಕ್ಕೆ ಬೇಸರವೇನೂ ಆಗಲಿಲ್ಲ. ಮಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಮೈದುನನ ಕಡೀಗೂ ಇಂಥವು ಇದ್ದವೇನು?” ಹನುಮವ್ವ ಕೇಳಿದಳು.

“ಇದ್ದಿರಬೇಕು ಯವ್ವಾ.”

ಅವಳು ಕೊಯ್ಲು ಮುಗಿದು ಹಸಿರಿಲ್ಲದ ಮೈದುನನ ಆ ಮಟ್ಟಸ ಗದ್ದೆಯನ್ನು ತುಂಬ ಹೊತ್ತು ನೋಡಿದಳು. ನಾವು ಗೊರಸಿನ ಗುರುತುಗಳ ಮೇಲೆ ಗೋಣಿಚೀಲ ಹಾಸಿ ಮೆಲ್ಲಗೆ ಮಣ್ಣು ಮುಚ್ಚಿದೆವು. ನಾಲ್ಕೂವರೆಯ ರಾಯಚೂರು ಬಸ್ಸು ಹಿಡಿಯಬೇಕಿತ್ತು. ಕೈಮುಗಿದು ಹೊರಟೆವು. ಬದುವಿನ ಮೇಲೆ ಮಲ್ಲಮ್ಮ ನನ್ನ ಮುಂದೆ ನಡೆಯುತ್ತಿದ್ದಳು. ನೂರು ಹೆಜ್ಜೆ ದಾಟಿರಬೇಕು, ಹಿಂದಿನಿಂದ ಹನುಮವ್ವನ ಗಟ್ಟಿ ದನಿ ಕೇಳಿ ತಿರುಗಿ ನೋಡಿದೆವು. ಗುಡ್ಡದ ಬುಡದಲ್ಲಿ ನಿಂತು, ಫೋನು ಕಿವಿಗೊತ್ತಿಕೊಂಡು, ಜೆಸಿಬಿಯವನ ಜೊತೆ ಜಗಳದ ಧಾಟಿಯಲ್ಲಿ ಮಾತಾಡುತ್ತಿದ್ದಳು.

“ನಾಳಿಗಿ ಬರಬ್ಯಾಡ ಅಂದ್ರ ಬರಬ್ಯಾಡಪ್ಪ. ಗುಡ್ಡದ ಮ್ಯಾಲ ದನ ಅದಾವ... ಹೊಡದ್ರ ಹೋಗೋ ದನ ಅಲ್ಲೋ ಅವು. ಕರ ಹಾಲು ಕುಡ್ಯಾಕತ್ತದ.”