ಹೊರಸಿನ ಕೆಳಗಿನ ಭೂಕಂಪ

ಕಲ್ಯಾಣದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅಸ್ಗರಿ ವರ್ಷಗಟ್ಟಲೆ ಉರ್ದುವಿನಲ್ಲಿ ಪಾಠ ಹೇಳಿದವಳು. ನಿಜಾಮರ ಆಳ್ವಿಕೆ ಮುಗಿದ ಮೇಲೆ ಕನ್ನಡದ ವರ್ಗಗಳು ಶುರುವಾದವು. ಹಳೆಯ ಶಿಕ್ಷಕರೂ ಹುಮನಾಬಾದಿಗೆ ಹೋಗಿ ಭೂಗೋಳದ ಪರೀಕ್ಷೆಯನ್ನು ಕನ್ನಡದಲ್ಲೇ ಕೊಡಬೇಕೆಂದು ಹುಕುಂ ಬಂತು. ಸಂತೆಯಲ್ಲಿ ಚೌಕಾಶಿ ಮಾಡುವ ಕನ್ನಡ ಅವಳ ನಾಲಗೆಯ ತುದಿಯಲ್ಲೇ ಇತ್ತು. ಪುಸ್ತಕದ ಕನ್ನಡ ಮಾತ್ರ ಪರವೂರ ಬೀಗತಿಯಂತೆ ಬಿಗುಮಾನದಿಂದ ಕೂತಿತ್ತು.

ಅದನ್ನು ಕಲಿಸಲು ಮನೆಗೆ ಬರುತ್ತಿದ್ದವಳು ಅದೇ ಶಾಲೆಯ ಕನ್ನಡ ಶಿಕ್ಷಕಿ ಜಿಜಾಬಾಯಿ. ಆ ಆಗಸ್ಟಿನಲ್ಲಿ ಅಸ್ಸಾಮಿನ ಕಡೆ ದೊಡ್ಡ ಭೂಕಂಪವಾಗಿ ಪತ್ರಿಕೆಗಳ ತುಂಬ ಅದೇ ಸುದ್ದಿ. ಈ ಸಲ ಅದರ ಪ್ರಶ್ನೆ ಬಂದೇ ಬರುತ್ತದೆಂದು ಜಿಜಾಬಾಯಿ ಹಟ ಹಿಡಿದಳು. ಭೂಕಂಪವೆಂದರೆ ಉರ್ದುವಿನ ಜಲ್ಜಲಾ ಎಂಬುದು ಅಸ್ಗರಿಗೆ ತಿಳಿಯಿತು. ನಾಭಿ, ಅಧಿಕೇಂದ್ರ ಎಂಬ ಮುಂದಿನ ಮಾತುಗಳಲ್ಲಿ ಕಾಲು ಹೂತಿತು.

“ನಾಭಿ ಅಂದ್ರ ಹೊಕ್ಕಳ ಅಲ್ಲೇನು? ಭೂಮಿಗಿ ಹೊಕ್ಕಳ ಎಲ್ಲಿಂದ ಬಂತು?” ಎಂದು ಕೇಳಿದಳು. ಅಧಿಕೇಂದ್ರವೆಂದರೆ ಅಧಿಕವಾದ ಇನ್ನೊಂದು ಕೇಂದ್ರವಿರಬೇಕೆಂದು ಅಂದುಕೊಂಡಿದ್ದಳು. ಜಿಜಾಬಾಯಿಗೂ ಅದೆಲ್ಲ ಗಿಣಿಪಾಠ; ಬಿಡಿಸಿ ಹೇಳು ಎಂದರೆ ಅದೇ ಸಾಲನ್ನು ಮತ್ತೊಮ್ಮೆ ಓದುತ್ತಿದ್ದಳು.

ಒಂದು ರಜೆಯ ಮಧ್ಯಾಹ್ನ ಅತ್ತೆ ದಿಲ್ಶಾದ್ ಬೇಗಂ ಹಗ್ಗದ ಹೊರಸಿನ ಮೇಲೆ ಅಡ್ಡಾಗಿದ್ದರು. ಅವರ ಕೈಯಿಂದ ಜಾರಿದ ಅಡಿಕೆಯೊಂದು ಹೊರಸಿನ ಕೆಳಗೆ ಉರುಳಿತು. ಅದನ್ನು ಹೆಕ್ಕಲು ಅಸ್ಗರಿಯ ಗಂಡ ಮೊಹಿನುದ್ದೀನ್ ಕೆಳಗೆ ನುಸುಳಿ, ಮೇಲೇಳುವಾಗ ತಲೆಯಿಂದ ಹಗ್ಗಕ್ಕೆ ಬಲವಾಗಿ ಗುದ್ದಿಬಿಟ್ಟ. ಅತ್ತೆಯ ಸೊಂಟ ಗೇಣುದ್ದ ಹಾರಿತು, ಪಕ್ಕದ ಎಲೆಯಡಿಕೆಯ ಪಾನ್‌ದಾನ್ ಉರುಳಿತು. ಕಾಲ್ದೆಸೆಯ ಅಂಚಿಗೆ ಕೂತಿದ್ದ ಜಿಜಾಬಾಯಿಗೆ ಮಾತ್ರ ತುಸು ಅದುರಿದಂತಾಯಿತು.

ಅಸ್ಗರಿ ಪುಸ್ತಕ ಕೆಳಗಿಟ್ಟಳು.

“ಏಳಬ್ಯಾಡ್ರಿ, ಅಲ್ಲೇ ಇರ್ರಿ,” ಎಂದು ಗಂಡನಿಗೆ ಹೇಳಿದಳು. “ಜಿಜಾಬಾಯಿ, ಇವರ ತಲಿ ಇರೋ ಜಾಗಾನೇ ನಾಭಿ. ಧಕ್ಕಾ ಹುಟ್ಟಿದ್ದು ಅಲ್ಲಿ, ಒಳಗ. ಅದರ ನೆಟ್ಟಗ ಮ್ಯಾಲ ಅಮ್ಮಾ ಅವರ ಸೊಂಟ. ಅದು ಅಧಿಕೇಂದ್ರ.”

ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ಗುದ್ದಲು ಹೇಳಿದಳು. ಈ ಸಲ ಅವನು ತಲೆ ಉಳಿಸಿಕೊಳ್ಳುವ ಆಸೆಯಿಂದ ಮೆಲ್ಲಗೆ ಗುದ್ದಿದ. ದೊಡ್ಡದರ ಬೆನ್ನಿಗೆ ಬರುವ ಸಣ್ಣದು ಮರುಕಂಪನ ಎಂದು ಜಿಜಾಬಾಯಿಯೇ ಹೇಳಿ ಬಿದ್ದು ಬಿದ್ದು ನಕ್ಕಳು. ತಮ್ಮ ಸೊಂಟದ ಮೇಲೆ ವಿದ್ಯೆ ಕಲಿಯುವ ಸೊಸೆಯನ್ನು ಅತ್ತೆ ಮೊದಲು ಗದರಿದರು. ಆಮೇಲೆ, ಪರೀಕ್ಷೆಯಲ್ಲಿ ಇನ್ನೇನೇನು ಕೇಳುತ್ತಾರೆಂದು ತಾವೇ ವಿಚಾರಿಸತೊಡಗಿದರು.

ಹುಮನಾಬಾದಿನಲ್ಲಿ ಬರೆಯುವ ಪರೀಕ್ಷೆ ಹೇಗೋ ದಾಟಿತು. ಬಾಯಿ ಪರೀಕ್ಷೆಯಲ್ಲಿ ಕನ್ನಡಕದ ಸಾಹೇಬರೊಬ್ಬರು ನಾಭಿಗೂ ಅಧಿಕೇಂದ್ರಕ್ಕೂ ಏನು ವ್ಯತ್ಯಾಸವೆಂದು ಕೇಳಿದರು. ಅಸ್ಗರಿಗೆ ಪುಸ್ತಕದ ಸಾಲು ಮರೆತೇಹೋಗಿತ್ತು, ಹೊರಸು ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು.

“ಭೂಮಿ ಒಳಗ ಧಕ್ಕಾ ಹುಟ್ಟೋದು ನಾಭಿ ರಿ. ಅದರ ನೆಟ್ಟಗ ಮ್ಯಾಲ, ನೆಲದ ಮ್ಯಾಲ ಇರೋದು ಅಧಿಕೇಂದ್ರ. ಅಲ್ಲಿಂದ ದೂರ ಹೋದಂಗ ಜೋರು ಕಮ್ಮಿ ಆಗ್ತದ ರಿ.”

ಅವರು ಮುಗುಳ್ನಕ್ಕು, ಧಕ್ಕಾ ಅನ್ನುವುದಕ್ಕೆ ಪುಸ್ತಕದಲ್ಲಿ ಕಂಪನ ಎಂದಿದೆಯಲ್ಲ ಎಂದರು. ಬರೆಯುವ ಪರೀಕ್ಷೆಯಲ್ಲಿ ಕಂಪನ ಎಂದೇ ಬರೆದಿದ್ದೇನೆ ಎಂದಳು ಅಸ್ಗರಿ. ಇನ್ನೇನೂ ಕೇಳದೆ ಅವರು ಕಳಿಸಿಕೊಟ್ಟರು.

ಪಾಸಾದ ಸುದ್ದಿ ಬಂದ ದಿನ ದಿಲ್ಶಾದ್ ಬೇಗಂ ಓಣಿಗೆಲ್ಲ ಸಕ್ಕರೆ ಹಂಚಿಸಿದರು. ಮರುದಿನ ಜಿಜಾಬಾಯಿ ಪಾಟಿ ಹಿಡಿದು ಬಂದು ಹೊಸ್ತಿಲ ಬಳಿ ಕೂತಳು. ಈಗ ತನಗೆ ಉರ್ದು ಓದಲು ಕಲಿಸಬೇಕಂತೆ.